ಮಳೆಗಾಲದಲ್ಲಿ ಬಜ್ ಹೊಡೆಯುವ ಗಿಟಾರ್: ಫ್ರೆಟ್ ಸರಿ ಮಾಡಿದ ನನ್ನ ಅನುಭವ

ಎಲೆಕ್ಟ್ರಿಕ್ ಗಿಟಾರ್ ಬಜ್ ಆಗ್ತದೆ (ಸ್ಟ್ರಿಂಗ್ ಎಲ್ಲಿಯೋ ತಾಗಿ ಚರ್ ಅಂತದೆ) ಅಂದ ಕೂಡ್ಲೇ ಎಲ್ರೂ ಫ್ರೆಟ್ಟನ್ನೇ, ಅಂದ್ರೆ ಬೆರಳಿಡುವಲ್ಲಿ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಯನ್ನೇ ಬಯ್ಯುದು. ನನ್ನ ಕೈಗೆ ಬಂದದ್ರಲ್ಲಿ ಹೆಚ್ಚಿನದ್ದು ನೆಕ್ (ಗಿಟಾರಿನ ಉದ್ದ ಕುತ್ತಿಗೆ) ಬಾಗಿದ್ದು, ಇಲ್ಲಾಂದ್ರೆ ಯಾರೋ ಸ್ಯಾಡಲ್ (ಬುಡದಲ್ಲಿ ಸ್ಟ್ರಿಂಗ್ ಕೂರುವ ತುಂಡು) ತೀರಾ ಇಳಿಸಿ ಇಟ್ಟದ್ದು. ನಮ್ಮ ಕಾಸರಗೋಡು ಕಡೆ ಜೂನಿಂದ ಸೆಪ್ಟೆಂಬರ್ ತನಕ ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಬರುವಾಗ ಮರದ ನೆಕ್ ಹಾಗೇ ಇರ್ತದಾ? ಯಾವ ಕಡೆಗೆ ಬಾಗ್ತದೆ ಅಂತ ಮೊದಲೇ ಹೇಳ್ಲಿಕ್ಕೆ ಆಗುದಿಲ್ಲ, ಅಳತೆ ಮಾಡಿಯೇ ನೋಡ್ಬೇಕು.

ಈ ಸಲ ಬಂದದ್ದು ಕುಂಬಳೆಯ ಹುಡುಗನೊಬ್ಬನ ಸ್ಟ್ರಾಟ್ (ಫೆಂಡರ್ ಕಂಪೆನಿಯ ಸ್ಟ್ರಾಟೊಕಾಸ್ಟರ್) ಮಾದರಿಯ ಗಿಟಾರ್, 22 ಫ್ರೆಟ್, ರೋಸ್‌ವುಡ್ ಬೋರ್ಡ್ (ಫ್ರೆಟ್ ಕೂರಿಸಿದ ಮರದ ಹಲಗೆ). "ಅಣ್ಣ, ಫ್ರೆಟ್ ಪೂರಾ ತೆಗ್ದು ಹೊಸತು ಹಾಕ್ಬೇಕಂತೆ" ಅಂದ. "ಯಾರು ಮಾರಾಯ ಹೇಳಿದ್ದು, ಅಳತೆ ಮಾಡಿ ನೋಡಿದ್ರಾ?" ಅಂತ ಕೇಳಿದೆ. ಇಲ್ಲ, ನುಡಿಸಿ ನೋಡಿ ಹೇಳಿದ್ದಂತೆ.

ನಾನು ಮೊದಲು ಸರಿಯಾಗಿ ಟ್ಯೂನ್ ಮಾಡಿ (ಲೂಸ್ ಸ್ಟ್ರಿಂಗಲ್ಲಿ ಅಳತೆ ಮಾಡಿ ಪ್ರಯೋಜನ ಇಲ್ಲ) 1ನೇ ಫ್ರೆಟ್ಟಿಗೆ ಕ್ಯಾಪೊ (ಎಲ್ಲ ಸ್ಟ್ರಿಂಗನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ಟನ್ನು ಬೆರಳಲ್ಲಿ ಒತ್ತಿ ಹಿಡಿದು, 7-8ನೇ ಫ್ರೆಟ್ ಹತ್ರ ದಪ್ಪ ಸ್ಟ್ರಿಂಗಿನ ಅಡಿಯ ಗ್ಯಾಪ್ ನೋಡ್ತೇನೆ. ಅದಕ್ಕೆ ಬೇಕಾದದ್ದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಸ್ಟೀಲ್ ಪಟ್ಟಿಗಳು), ಗಿಟಾರ್ ಅಂಗಡಿಗೇ ಹೋಗ್ಬೇಕಂತಿಲ್ಲ, ಬೈಕಿನ ಟ್ಯಾಪೆಟ್ ಸೆಟ್ ಮಾಡ್ಲಿಕ್ಕೆ ಮೆಕ್ಯಾನಿಕ್‌ಗಳು ಇಟ್ಕೊಳ್ಳುವಂಥದ್ದೇ ಸಾಕು. 0.2ರಿಂದ 0.25 ಮಿ.ಮೀ. ಇದ್ರೆ ಒಳ್ಳೇದು. ಇದ್ರಲ್ಲಿ 0.5 ಇತ್ತು. ಅಂದ್ರೆ ನೆಕ್ ಮುಂದಕ್ಕೆ ಬಾಗಿದೆ, ಹಾಗಾದಾಗ ಬಜ್ ಜಾಸ್ತಿ ಮೇಲಿನ, ಅಂದ್ರೆ ಬಾಡಿ ಹತ್ರದ ಫ್ರೆಟ್ಟುಗಳಲ್ಲೇ ಬರುದು. ನೆಕ್ಕಿನೊಳಗೆ ಅದನ್ನು ನೇರ ಮಾಡ್ಲಿಕ್ಕೆ ಇರುವ ಸರಳು ಟ್ರಸ್ ರಾಡ್‌ಗೆ ಅಲೆನ್ ಕೀ ಹಾಕಿ ಬಲಕ್ಕೆ ಕಾಲು ಸುತ್ತು ತಿರುಗಿಸಿ, ಪುನಃ ಟ್ಯೂನ್ ಮಾಡಿ, ಒಂದು ರಾತ್ರಿ ಬಿಟ್ಟು ನೋಡುದು, ಬೇಕಾದ್ರೆ ಇನ್ನೊಂಚೂರು. ಬಿಗಿ ಇದ್ರೆ ಬಲ ಹಾಕ್ಬೇಡಿ, ರಾಡ್ ತುಂಡಾದ್ರೆ ಮತ್ತೆ ಹೊಸ ನೆಕ್ಕೇ ಗತಿ.

ನೆಕ್ 0.25ಕ್ಕೆ ಬಂದ ಮೇಲೆ ಬಜ್ ಸುಮಾರಾಗಿ ಹೋಯ್ತು, ಆದ್ರೆ 1 ಮತ್ತು 2ನೇ ಸ್ಟ್ರಿಂಗಲ್ಲಿ (ಸಪೂರದ್ದು ಎರಡು) 13ನೇ ಫ್ರೆಟ್ ಒತ್ತಿದ್ರೆ ಮಾತ್ರ ಚರ್ ಅಂತ ಉಳ್ದೇ ಉಳೀತು, ಬೆಂಡ್ ಮಾಡಿದ್ರೆ (ಸ್ಟ್ರಿಂಗನ್ನು ಬದಿಗೆ ಎಳೆದ್ರೆ) ಸ್ವರವೇ ಸಾಯ್ತದೆ. 15ರಲ್ಲಿ ಕ್ಲೀನ್. ಒಂದೇ ಜಾಗದಲ್ಲಿ ಹೀಗಾದ್ರೆ ಒತ್ತಿದ ಫ್ರೆಟ್ಟನ್ನಲ್ಲ, ಅದರ ಮುಂದಿನದ್ದನ್ನು ನೋಡ್ಬೇಕು. ಇದನ್ನು ಖಾತ್ರಿ ಮಾಡ್ಲಿಕ್ಕೆ ಫ್ರೆಟ್ ರಾಕರ್ ಅಂತ ಒಂದು ನೇರ ಅಂಚಿನ ಲೋಹದ ತುಂಡು ಬರ್ತದೆ, ನಾನು ಹಳೇ ಸ್ಟೀಲ್ ಸ್ಕೇಲನ್ನು ಆಕ್ಸೊ ಬ್ಲೇಡಲ್ಲಿ ಕೊಯ್ದು ಮಾಡಿದ್ದೇನೆ. ಅಂಚು ನೇರ ಇರ್ಬೇಕು, ಒಂದೇ ಸಲಕ್ಕೆ ಮೂರು ಫ್ರೆಟ್ ಮೇಲೆ ಮಾತ್ರ ಕೂರ್ಬೇಕು. 648 ಮಿ.ಮೀ. ಸ್ಕೇಲಿನ (ನಟ್ಟಿಂದ ಸ್ಯಾಡಲ್ ತನಕದ ಸ್ಟ್ರಿಂಗಿನ ಉದ್ದ; ನಟ್ ಅಂದ್ರೆ ತಲೆಯ ಹತ್ರ ಸ್ಟ್ರಿಂಗ್ ಕೂರುವ ಪಟ್ಟಿ) ಗಿಟಾರಲ್ಲಿ 13ರಿಂದ 15ಕ್ಕೆ ಸುಮಾರು 33 ಮಿ.ಮೀ. ದೂರ, ಹಾಗಾಗಿ ಅಲ್ಲಿಗೆ 40 ಮಿ.ಮೀ. ತುಂಡು ಸಾಕು, ನಟ್ ಹತ್ರ ಫ್ರೆಟ್ ದೂರ ದೂರ ಇರುದ್ರಿಂದ ಅಲ್ಲಿಗೆ 75ರದ್ದು. 13, 14, 15ರ ಮೇಲೆ ಇಟ್ಟಾಗ ಸಪೂರ ಸ್ಟ್ರಿಂಗಿನ ಕಡೆ ಟಿಕ್ ಟಿಕ್ ಅಂತ ಆಡಿತು, ಕಾಲು ಕುಳ್ಳಾದ ಮಣೆ ಹಾಗೆ. 14 ಎತ್ತರ ಉಂಟು ಅಂತ ಆಯ್ತು.

ಆದ್ರೆ ಎತ್ತರ ಉಂಟು ಅಂದ ಕೂಡ್ಲೇ ಅರ ಹಿಡಿಬಾರ್ದು! ಮೊದಲು ಫ್ರೆಟ್ಟಿನ ತುದಿಯನ್ನು ಮರದ ಕಡ್ಡಿಯಲ್ಲಿ ಒತ್ತಿ ನೋಡಿದೆ, ಕೆಳಗೆ ಹೋಗಿ ಪುನಃ ಮೇಲೆ ಬಂತು. ಅಂದ್ರೆ ಲೋಹ ಎತ್ತರ ಅಲ್ಲ, ಫ್ರೆಟ್ ಸ್ಲಾಟಿಂದ (ಅದು ಕೂರುವ ಸೀಳಿಂದ) ಎದ್ದದ್ದು. ಇದನ್ನು ಹಾಗೇ ಉಜ್ಜಿದ್ರೆ ಇವತ್ತು ಸರಿ ಆಗ್ತದೆ, ಮುಂದೆ ಅದು ಕೂತಾಗ ತಗ್ಗಾಗ್ತದೆ.

ಸ್ಟ್ರಿಂಗ್ ಲೂಸ್ ಮಾಡಿ ಬದಿಗೆ ಸರಿಸಿ, ಎರಡೂ ಬದಿಯ ಮರಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸೂಜಿಮೊನೆಯಲ್ಲಿ ಫೆವಿಕ್ವಿಕ್ ಚೂರು ಚೂರೇ ಬಿಟ್ಟೆ, ತೆಳು ಆದ್ರಿಂದ ತಾನೇ ಒಳಗೆ ಹೀರಿಕೊಳ್ತದೆ. ಮೇಲಿಂದ ಬೋರ್ಡಿನ ಉಬ್ಬಿಗೆ ಸರಿಯಾಗಿ ಕೆತ್ತಿದ ಮರದ ತುಂಡು, ನೆಕ್ಕಿನ ಹಿಂದೆ ದಪ್ಪ ಬಟ್ಟೆ, ಸಿ ಕ್ಲಾಂಪ್ ಹಾಕಿ ರಾತ್ರಿ ಇಡೀ ಬಿಟ್ಟೆ. ಕಿಟಕಿ ತೆರ್ದಿಟ್ಕೊಳ್ಳಿ, ಅದರ ಹೊಗೆಗೆ ಕಣ್ಣು ಉರೀತದೆ. ಗಮ್ ಹೊರಗೆ ಬಂದ್ರೆ ನೇಲ್ ಪಾಲಿಶ್ ರಿಮೂವರ್ ಹಾಕ್ಬೇಡಿ, ಗಿಟಾರಿನ ಪಾಲಿಶ್ ಎದ್ದು ಬರ್ತದೆ.

ಬೆಳಿಗ್ಗೆ ರಾಕರ್ ಇಟ್ರೆ ಆಟ ತುಂಬಾ ಕಮ್ಮಿ, ಆದ್ರೆ ಪೂರಾ ಹೋಗಿರ್ಲಿಲ್ಲ. ಅಷ್ಟಕ್ಕೆ ಮಾತ್ರ ಉಜ್ಜಿದೆ. ಸ್ಟ್ರಿಂಗಿನ ಅಡಿ ಸ್ವರ ಹಿಡಿಯುವ ಪಿಕಪ್ ಮೇಲೆ ಟೇಪ್ ಹಾಕಿದೆ (ಉಜ್ಜುವಾಗ ಉದುರುವ ಹುಡಿ ಒಳಗೆ ಹೋದ್ರೆ ತೆಗಿಲಿಕ್ಕೆ ಪ್ರಾಣ ಹೋಗ್ತದೆ), 14ರ ತಲೆಗೆ ಮಾರ್ಕರಲ್ಲಿ ಕಪ್ಪು ಬಳಿದು, ನೇರ ಇದ್ದ ಅಲ್ಯುಮಿನಿಯಂ ತುಂಡಿಗೆ 400 ನಂಬ್ರದ ಸ್ಯಾಂಡ್ ಪೇಪರ್ ಅಂಟಿಸಿ, ಎರಡೆಳೆ ಉಜ್ಜುದು, ರಾಕರ್ ಇಡುದು, ಪುನಃ ಉಜ್ಜುದು. ಉಜ್ಜಿದಲ್ಲಿ ತಲೆ ಚಪ್ಪಟೆ ಆಗ್ತದೆ, ಹಾಗೇ ಬಿಟ್ರೆ ಸ್ವರ ಮಂಕು. ಪುನಃ ಉರುಟು ಮಾಡ್ಲಿಕ್ಕೆ ಆಚಾರಿಗಳು ಗರಗಸ ಮಸೆಯುವ ಮೂರು ಮೂಲೆಯ ಅರ ತಗೊಂಡು ಅದರ ಮೂಲೆಗಳನ್ನು ನಯ ಮಾಡಿ ಇಟ್ಟಿದ್ದೇನೆ, ಅದರಲ್ಲಿ ಬದಿಯಿಂದ ಮಾತ್ರ ಎಳೆದು ನಡುವಲ್ಲಿ ಕಪ್ಪು ಮಾರ್ಕ್ ಸಪೂರ ಗೆರೆಯಷ್ಟು ಉಳಿಯುವಾಗ ನಿಲ್ಲಿಸಿದೆ. ಮತ್ತೆ 600, 1000, 2000 ಪೇಪರ್, ಕೊನೆಗೆ ಬ್ರಾಸೊ (ಲೋಹ ಹೊಳೆಸುವ ಪಾಲಿಶ್).

ಬೇರೆ ಫ್ರೆಟ್ಟುಗಳಿಗೂ ಬ್ರಾಸೊ ಹಾಕಿದೆ, ಯಾಕಂದ್ರೆ ಫ್ರೆಟ್ಟಿನ ಲೋಹಕ್ಕೆ ನಿಕಲ್ ಸಿಲ್ವರ್ ಅಂದ್ರೂ ಅದರಲ್ಲಿ ಬೆಳ್ಳಿ ಇಲ್ಲ, ತಾಮ್ರ, ನಿಕಲ್, ಸತು ಅಷ್ಟೇ, ಕಡಲ ಬದಿಯ ಗಾಳಿಗೆ ಹಸಿರು ಕಟ್ತದೆ.

ಹೊಸ ಸ್ಟ್ರಿಂಗ್ ಹಾಕಿ, 12ನೇ ಫ್ರೆಟ್ ಹತ್ರ ದಪ್ಪದ್ದು 2 ಮಿ.ಮೀ., ಸಪೂರದ್ದು 1.5 ಬರುವಷ್ಟು ಸ್ಯಾಡಲ್ ಸೆಟ್ ಮಾಡಿ ಒಂದೊಂದೇ ಫ್ರೆಟ್ ನೋಡಿದೆ, 13ರಲ್ಲಿ ಬೆಂಡ್ ಪೂರಾ ಹಾಡ್ತದೆ. ಹುಡುಗ ಮಾತ್ರ ಕಿವಿ ಹತ್ರ ಹಿಡಿದು "ದಪ್ಪ ಸ್ಟ್ರಿಂಗಲ್ಲಿ ಇನ್ನೂ ಸಣ್ಣಕೆ ಕೇಳ್ತದಲ್ಲ ಅಣ್ಣ" ಅಂದ. ಆಂಪಿಗೆ ಹಾಕಿ ನುಡಿಸು ಅಂದೆ, ಅಲ್ಲಿ ಏನೂ ಕೇಳ್ಲಿಲ್ಲ. ಆಂಪಲ್ಲಿ ಕೇಳದ ಬಜ್‌ಗೆಲ್ಲ ನಾನು ಅರ ಹಿಡಿಯುದಿಲ್ಲ.