ತಯಾರಿಕೆ ನಿಂತ ಮೇಲೆ ರಿಪೇರಿ ಕೈಹಿಡಿಯಿತು

ನಾವು ಪ್ಯಾಕಿಂಗ್ ಯಂತ್ರ ತಯಾರಿಸುತ್ತಿದ್ದೆವು. ಮಾರಾಟದ ಅರ್ಧಕ್ಕಿಂತ ಜಾಸ್ತಿ ಒಂದೇ ದೊಡ್ಡ ಕಂಪನಿಗೆ ಹೋಗುತ್ತಿತ್ತು. ಆ ಕಂಪನಿ ಬಾಗಿಲು ಮುಚ್ಚಿತು. ನಮಗೆ ಬರಬೇಕಿದ್ದ ಬಾಕಿಯೂ ಮುಳುಗಿತು.

ಇಂಥ ಹೊತ್ತಲ್ಲಿ ಎಲ್ಲರೂ ಧೈರ್ಯ ಹೇಳುತ್ತಾರೆ. ನನಗೆ ಧೈರ್ಯ ಬಂದದ್ದು ಮಾತ್ರ ಲೆಕ್ಕದಿಂದ. ಕುಳಿತು ಮುಂದಿನ 13 ವಾರಗಳ ನಗದು ಲೆಕ್ಕ ಬರೆದೆ. ವಾರದ ಶುರುವಿಗೆ ಕೈಯಲ್ಲಿ ಎಷ್ಟಿದೆ, ಖಂಡಿತ ಬರುವುದೆಷ್ಟು, ಕೊಡಲೇಬೇಕಾದ್ದೆಷ್ಟು, ಇಷ್ಟೇ. 13 ವಾರ ಅಂದರೆ ಮೂರು ತಿಂಗಳು. ಸಂಬಳ, ಬಾಡಿಗೆ, ಸಾಲದ ಕಂತು, ತೆರಿಗೆ ಎಲ್ಲವೂ ಅಷ್ಟರಲ್ಲಿ ಒಮ್ಮೆಯಾದರೂ ಎದುರಾಗುತ್ತವೆ. "ಬರಬಹುದು" ಅನ್ನುವ ಹಣವನ್ನು ನಾನು ಬರೆಯಲೇ ಇಲ್ಲ. ಲಾಭ-ನಷ್ಟದ ಪಟ್ಟಿ ನಂಬಿದ್ದರೆ ಕೈಯಲ್ಲಿ ನಿಜವಾಗಿ ಎಷ್ಟಿದೆ ಅಂತ ಕಾಣುತ್ತಿರಲಿಲ್ಲ. ಅಲ್ಲಿ ಬಿಲ್ ಹಾಕಿದ ಕೂಡಲೇ ಆದಾಯ ಬಂದಂತೆ. ದುಡ್ಡು ಕೈಗೆ ಸೇರುವುದು ಯಾವಾಗಲೋ, ಅಲ್ವಾ?

ನಾಲ್ಕನೇ ವಾರಕ್ಕೇ ಹಣ ಮುಗಿಯುತ್ತದೆ ಅಂತ ಹಾಳೆ ಹೇಳಿತು. ಅದನ್ನೇ ಹಿಡಿದು ಸಾಮಾನು ಕೊಟ್ಟವರ ಹತ್ತಿರ ಹೋದೆ, ಅವರು ಫೋನ್ ಮಾಡುವ ಮೊದಲೇ. ತೋರಿಸಿ, ಕಂತಿನಲ್ಲಿ ಕೊಡುತ್ತೇನೆ ಅಂದೆ. ಹೆಚ್ಚಿನವರು ಒಪ್ಪಿದರು. ಒಬ್ಬರು ಬಳಸದ ಸಾಮಾನನ್ನು ವಾಪಸ್ ತೆಗೆದುಕೊಂಡರು. ಕೆಲಸಗಾರರಿಗೆ ಹೇಳುವುದು ಇದಕ್ಕಿಂತ ಕಷ್ಟ. ತಯಾರಿಕೆ ನಿಲ್ಲಿಸುವ ವಿಷಯ ಅವರಿಗೆ ನಾನೇ ಹೇಳಿದೆ, ಅವರ ಬಾಕಿಯನ್ನು ಎಲ್ಲರಿಗಿಂತ ಮೊದಲು ತೀರಿಸಿದೆ.

ಯಂತ್ರ ಕೇಳಿ ಬರುವ ಫೋನ್ ನಿಂತಿತ್ತು. ರಿಪೇರಿಗೆ ಬರುವುದು ನಿಂತಿರಲಿಲ್ಲ. ಪ್ರತಿ ಕರೆಯನ್ನೂ ಬರೆದಿಡತೊಡಗಿದೆ: ಯಾವ ಯಂತ್ರ, ಯಾವ ಭಾಗ ಕೆಟ್ಟಿದೆ, ಎಷ್ಟು ಹೊತ್ತಿನಿಂದ ನಿಂತಿದೆ. ಸೀಲ್ ಮಾಡುವ ಹೀಟರ್, ಸೆನ್ಸರ್, ಬೆಲ್ಟ್ ಇವೇ ಮತ್ತೆ ಮತ್ತೆ. ಬೇರೆಯವರು ಮಾಡಿದ ಯಂತ್ರಗಳಿಗೂ ನಮ್ಮನ್ನೇ ಕೇಳುತ್ತಿದ್ದರು. ಪ್ಯಾಕಿಂಗ್ ನಿಂತರೆ ಹಿಂದಿನ ಕೆಲಸವೆಲ್ಲ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಬೇಗ ಬಂದು ಸರಿ ಮಾಡುವವರಿಗೆ ದುಡ್ಡು ಕೊಡಲು ಅವರು ಹಿಂದೆಮುಂದೆ ನೋಡುವುದಿಲ್ಲ.

ಪಕ್ಕದ ಕೆಲಸ ಮುಖ್ಯ ಕೆಲಸವಾಗುವುದು ಹೊಸತೇನಲ್ಲ. 'ಗ್ಲಿಚ್' ಎಂಬ ಆನ್‌ಲೈನ್ ಆಟ ನಡೆಯದೆ 2012ರಲ್ಲಿ ನಿಂತಿತು. ಅದನ್ನು ಕಟ್ಟುವಾಗ ತಂಡದವರು ತಮ್ಮೊಳಗೆ ಮಾತಾಡಿಕೊಳ್ಳಲು ಮಾಡಿಕೊಂಡಿದ್ದ ಸಾಧನವೇ ಆಮೇಲೆ ಸ್ಲ್ಯಾಕ್ ಆಯಿತು, ಅಂದರೆ ಕಚೇರಿಗಳಲ್ಲಿ ಸಂದೇಶ ಕಳಿಸಿಕೊಳ್ಳಲು ಬಳಸುವ ಆ್ಯಪ್.

ನಾವು ವಾರ್ಷಿಕ ನಿರ್ವಹಣೆಯ ಒಪ್ಪಂದ ಶುರು ಮಾಡಿದೆವು. ನನ್ನ ಪ್ರಕಾರ ನಮ್ಮನ್ನು ಉಳಿಸಿದ್ದು ಅದರ ಒಂದು ಷರತ್ತು: ಹಣ ಮುಂಗಡ. ಯಂತ್ರ ಮಾರುವಾಗ ಮೊದಲು ನಾವು ಖರ್ಚು ಮಾಡಿ, ತಿಂಗಳುಗಟ್ಟಲೆ ಕಾಯಬೇಕಿತ್ತು. ಈಗ ದುಡ್ಡು ಮೊದಲು, ಖರ್ಚು ಆಮೇಲೆ. ಹೊಸ ಸಾಲವಿಲ್ಲದೆ ನಡೆಯಲು ಇದೇ ಕಾರಣ. ಹಳೆಯ ಫಿಟ್ಟರ್‌ಗಳಲ್ಲಿ ಕೆಲವರು ವಾಪಸ್ ಬಂದರು. ಜೋಡಿಸಿದ ಕೈಗೆ ಎಲ್ಲಿ ಸಡಿಲವಾಗುತ್ತದೆ ಅಂತ ಗೊತ್ತಿರುತ್ತದೆ. ಹೊಸಬರಿಗೆ ಈಗ ಅವರೇ ಕಲಿಸುತ್ತಿದ್ದಾರೆ.