ಜಗಲಿ ಎತ್ತಿಸುವ ಮುನ್ನ ರಸ್ತೆಗೆ ಟೇಪು ಹಿಡಿಯಿರಿ

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಹಳೇ ಮನೆಯ ದುರಸ್ತಿಗೆ ಕರೆಯುವವರದು ಹೆಚ್ಚೂಕಡಿಮೆ ಒಂದೇ ದೂರು: ‘ಜಗಲಿ ಕುಸಿದುಹೋಗಿದೆ, ಎತ್ತಿಸಿಕೊಡಿ.’ ಹೋಗಿ ನೋಡಿದರೆ ಜಗಲಿ ಇದ್ದಲ್ಲೇ ಇರುತ್ತದೆ, ರಸ್ತೆ ಮೇಲೆ ಬಂದಿರುತ್ತದೆ. ಹಳೇ ರಸ್ತೆ ಅಗೆಯದೆ ಅದರ ಮೇಲೇ 4 ಅಂಗುಲ ಜಲ್ಲಿ, 6 ಅಂಗುಲ ಕಾಂಕ್ರೀಟು ಸುರಿದರೆ ಒಂದೇ ಏಟಿಗೆ 10 ಅಂಗುಲ. ಬೀದಿಯಿಂದ 18 ಅಂಗುಲ ಎತ್ತರವಿದ್ದ ಜಗಲಿ 8 ಅಂಗುಲಕ್ಕೆ ಇಳಿಯಿತು. 18 ಅಂಗುಲದ ಮೇಲೆ ಕಾಲು ಇಳಿಬಿಟ್ಟು ಕೂತವರು ಗಂಟೆಗಟ್ಟಲೆ ಮಾತಾಡುತ್ತಾರೆ. 8 ಅಂಗುಲದಲ್ಲಿ ಮಂಡಿ ಎದೆಗೆ ಬರುತ್ತದೆ, ವಯಸ್ಸಾದವರಿಗೆ ಏಳಲು ಇನ್ನೊಬ್ಬರ ಕೈ ಬೇಕು. ಅವರು ಒಳಗೆ ಹೋಗಿ ಟಿವಿ ಮುಂದೆ ಕೂರುತ್ತಾರೆ, ಜಗಲಿ ಖಾಲಿಯಾಯಿತೆಂಬ ಬೈಗುಳ ಟಿವಿಗೆ ಬೀಳುತ್ತದೆ. ಅರ್ಧ ಬೈಗುಳ ರಸ್ತೆಗೆ ಸೇರಬೇಕಾದ್ದು.

ಆದ್ದರಿಂದ ಮೊದಲ ಕೆಲಸ ಅಳತೆ. ಮೇಸ್ತ್ರಿಗಳ ನೀರುಮಟ್ಟದ ಪೈಪು ಹಿಡಿದು ಮೂರು ಮಟ್ಟ ಗುರುತಿಸಿಕೊಳ್ಳಬೇಕು: ರಸ್ತೆಯ ನಡುಭಾಗ, ಜಗಲಿಯ ಮೇಲ್ಮೈ, ಹೊಸ್ತಿಲಿನ ಒಳಗಿನ ನೆಲ. ರಸ್ತೆಯ ಅಂಚು ಅಳೆದು ಸುಮ್ಮನಾಗುವುದು ಸಾಮಾನ್ಯ ತಪ್ಪು. ನಡುಭಾಗ ಅಂಚಿಗಿಂತ ಎರಡು ಅಂಗುಲ ಎತ್ತರವಿದ್ದರೂ ಜೋರು ಮಳೆಯ ನೀರೆಲ್ಲ ಮನೆಯ ಕಡೆಗೇ. ಈ ಜಿಲ್ಲೆಯಲ್ಲಿ ಮಳೆ ಕಡಿಮೆ ನಿಜ, ಆದರೆ ಬಂದರೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಒಂದೇ ಸಂಜೆ ಸುರಿದು ಹೋಗುತ್ತದೆ.

ಒಳನೆಲ ಜಗಲಿಗಿಂತ ಒಂದಡಿ ಮೇಲಿದ್ದರೆ ಚಿಂತೆಯಿಲ್ಲ, ಪೂರ್ತಿ ಜಗಲಿ ಎತ್ತಬಹುದು. ಹೊಸ್ತಿಲಿಗಿಂತ 2 ಅಂಗುಲ ತಗ್ಗು ಉಳಿಸಿದರೆ ಸಾಕು. ಆದರೆ ಹಳೇ ಮಣ್ಣುಗೋಡೆ ಮನೆಗಳಲ್ಲಿ ಈ ಅಂತರ 3–4 ಅಂಗುಲವಷ್ಟೇ. ಅಲ್ಲಿ ಜಗಲಿ ಎತ್ತಿದರೆ ಮಳೆನೀರು ನಡುಮನೆಗೆ. ಒಳನೆಲವನ್ನೂ ಎತ್ತೋಣ ಅಂದರೆ ಬಾಗಿಲೇ ಐದೂವರೆ ಅಡಿ, ತಲೆ ಬಡಿಯುತ್ತದೆ. ಇದಕ್ಕೆ ನಾವು ಮಾಡುವುದು ಇಷ್ಟು: ಬಾಗಿಲ ಮುಂದಿನ ಮೂರೂವರೆ ಅಡಿ ದಾರಿಯನ್ನು ಹಳೇ ಮಟ್ಟದಲ್ಲೇ ಬಿಟ್ಟು, ಬೀದಿಯ ಕಡೆಗೆ ಇಳಿಜಾರು ಕೊಟ್ಟು, ಎರಡೂ ಪಕ್ಕದ ತಿಣ್ಣೆಗಳನ್ನು ಮಾತ್ರ ಎತ್ತುವುದು. ರಸ್ತೆಯಿಂದ 16 ಅಂಗುಲ ಸಿಕ್ಕರೂ ಕೂರಲು ಚೆನ್ನಾಗಿರುತ್ತದೆ. ಆ ಇಳಿಜಾರಿನ ಕಾಲಬುಡದಲ್ಲಿ ಚರಂಡಿ ರಸ್ತೆಗಿಂತ ತಗ್ಗಾಗಿರಲೇಬೇಕು, ಇಲ್ಲದಿದ್ದರೆ ದಾರಿಯೇ ಕಾಲುವೆಯಾಗುತ್ತದೆ.

ತಿಣ್ಣೆ ಎತ್ತುವಾಗ ಎಲ್ಲರೂ ಮರೆಯುವುದು ಹಿಂದಿನ ಗೋಡೆ. ಪಾಯದ ಕಲ್ಲು ಮುಗಿದು ಮಣ್ಣುಗೋಡೆ ಶುರುವಾಗುವ ಗೆರೆಗಿಂತ ಮೇಲೆ ಮಣ್ಣು ತುಂಬಿದರೆ ಅದರ ತೇವ ನೇರ ಗೋಡೆಗೆ ಏರುತ್ತದೆ. ಒಂದೆರಡು ಮಳೆಗಾಲದಲ್ಲಿ ಒಳಗಡೆ ಸುಣ್ಣ ಉಬ್ಬಿ ಉದುರುತ್ತದೆ. ಗೋಡೆಗೂ ತುಂಬಿಗೂ, ಅಂದರೆ ಒಳಗೆ ತುಂಬುವ ಮಣ್ಣಿಗೂ, ನಡುವೆ ಒಂದು ಅಂಗುಲ ದಪ್ಪದ ಕಡಪ ಕಲ್ಲನ್ನು ನಿಲ್ಲಿಸಿ, ಗೋಡೆಯಿಂದ ಎರಡು ಬೆರಳು ಜಾಗ ಬಿಟ್ಟು, ಆ ಸಂದಿಗೆ ಸಣ್ಣ ಜಲ್ಲಿ ಸುರಿಯಬೇಕು. ಮೇಲೆ ಚಪ್ಪಡಿ ಕೂರಿಸಿದಾಗ ಸಂದಿ ಕಾಣುವುದಿಲ್ಲ. ತುಂಬಿಗೆ ಗದ್ದೆಯ ಜೇಡಿ ಬೇಡ, ಒಣಗಿದಾಗ ಕುಗ್ಗಿ ಚಪ್ಪಡಿಯಡಿ ಟೊಳ್ಳಾಗುತ್ತದೆ. ಕೆಂಪು ಗರಸು ಮಣ್ಣನ್ನು ನಾಲ್ಕು ನಾಲ್ಕು ಅಂಗುಲ ಹಾಕಿ, ನೀರು ಚಿಮುಕಿಸಿ, ದಿಮ್ಮಸಿನಲ್ಲಿ ಬಡಿಯಬೇಕು. ಹಿಮ್ಮಡಿ ಒತ್ತಿದರೆ ಗುರುತು ಬೀಳಬಾರದು.

ಕಲ್ಲಿಗೆ ಈ ಸೀಮೆಯಲ್ಲಿ ಬರವಿಲ್ಲ. ಹಳೇ ಚಪ್ಪಡಿಗಳನ್ನೇ ಮತ್ತೆ ಬಳಸುವುದು ಒಳ್ಳೆಯದು. 6 ಅಡಿ ಉದ್ದ, ಎರಡೂವರೆ ಅಡಿ ಅಗಲ, 3 ಅಂಗುಲ ದಪ್ಪದ ಚಪ್ಪಡಿ ಹತ್ತಿರಹತ್ತಿರ 280 ಕೆ.ಜಿ. ತೂಗುತ್ತದೆ. ಇಬ್ಬರು ಆಳು ಸಾಕು ಅಂದುಕೊಂಡು ಹಾರೆ ಹಾಕಿದರೆ ನಡುವೆಯೇ ಮುರಿಯುತ್ತದೆ, ಇಲ್ಲವೇ ಬೆರಳು ಹೋಗುತ್ತದೆ. ಐದಾರು ಜನ, ಎರಡು ಹಾರೆ, ಕೆಳಗೆ ಉರುಳಿಸಲು ಮೂರು ಕಬ್ಬಿಣದ ಪೈಪು ಬೇಕು. ಹಾರೆಯನ್ನು ಉದ್ದದ ಎರಡೂ ತುದಿಗೆ ಒಟ್ಟಿಗೆ ಹಾಕಬೇಕು, ಒಂದೇ ಮೂಲೆಯಿಂದ ಮೀಟಬಾರದು. ಚಪ್ಪಡಿ ತಿಣ್ಣೆಯ ಮುಂಭಾಗದ ಕಟ್ಟಡದಿಂದ 2 ಅಂಗುಲ ಹೊರಚಾಚಲಿ. ಆ ಅಂಚಿನ ಕೆಳಗೆ ಉಳಿಯಿಂದ ಕಡ್ಡಿಯಷ್ಟು ಗೀರು ಹಾಕಿದರೆ ನೀರು ಕಟ್ಟಡಕ್ಕೆ ಅಂಟಿ ಇಳಿಯುವುದಿಲ್ಲ, ಅಲ್ಲೇ ತೊಟ್ಟಿಕ್ಕುತ್ತದೆ. ಅಡಿಗೆ ಕಾಲಂಗುಲದ ಇಳಿಜಾರು ಬೀದಿಯ ಕಡೆಗೆ. ಇದಕ್ಕಿಂತ ಹೆಚ್ಚು ಕೊಟ್ಟರೆ ಕೂತವರು ಮುಂದಕ್ಕೆ ಜಾರಿದಂತೆ ಅನ್ನಿಸಿ ಬೇಗ ಎದ್ದುಹೋಗುತ್ತಾರೆ.

ಚಪ್ಪಡಿಗಳ ನಡುವಿನ ಸಂದಿಗೆ ಸಿಮೆಂಟು ಬೇಡ, ಸುಣ್ಣದ ಗಾರೆ ಹಾಕಿ. ಇದು ಹಟವಲ್ಲ. ಬಿಸಿಲಿಗೆ ಕಲ್ಲು ಹಿಗ್ಗಿ ಕುಗ್ಗುವಾಗ ಸಿಮೆಂಟು ಬಿರಿದು, ಆ ಬಿರುಕಿನಿಂದ ಇಳಿದ ನೀರು ಹೊರಗೆ ಬರಲು ದಾರಿಯಿಲ್ಲದೆ ತುಂಬಿಯಲ್ಲೇ ಉಳಿಯುತ್ತದೆ. ಗಾರೆಗೆ ಅರಳಿಸಿದ ಸುಣ್ಣ 1, ಇಟ್ಟಿಗೆ ಪುಡಿ 1, ಮರಳು 2. ಸುಣ್ಣದ ಹರಳನ್ನು ನೀರಲ್ಲಿ ಅರಳಿಸಿ ಕನಿಷ್ಠ ಒಂದು ವಾರ ಬಿಟ್ಟು, ಜಾಲರಿಯಲ್ಲಿ ಸೋಸಬೇಕು. ಅರಳದ ಹರಳು ಉಳಿದರೆ ಆಮೇಲೆ ಗಾರೆಯೊಳಗೇ ಉಬ್ಬಿ ಕಡಲೆಕಾಳಿನಷ್ಟು ಗುಳಿ ಹಾರಿಸುತ್ತದೆ. ಸಂದಿ ಅರ್ಧ ಅಂಗುಲ ಮೀರದಿರಲಿ. ಕರಣೆಯಲ್ಲಿ ಒತ್ತಿ ತುಂಬಿ, ಒದ್ದೆ ಗೋಣಿಚೀಲ ಹೊದಿಸಿ ಹತ್ತು ದಿನ. ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ ನೀರು ಚಿಮುಕಿಸದಿದ್ದರೆ ಮೇಲೆ ಗಟ್ಟಿ, ಒಳಗೆ ಪುಡಿ. ಇನ್ನು ಹೊಳೆಯುವ ಗ್ರಾನೈಟು, ಟೈಲ್ಸು: ನೋಡಲು ಚಂದ, ಮಳೆ ಬಿದ್ದರೆ ಜಾರುತ್ತದೆ. ಉಳಿಯೇಟಿನ ಒರಟು ಕಲ್ಲೇ ಸರಿ.

ಅಗಲ ಎಷ್ಟಿರಬೇಕು? ಕೂರಲಷ್ಟೇ ಆದರೆ ಒಂದೂವರೆ ಅಡಿ ಸಾಕು. ಚಕ್ಕಂಬಕ್ಕಲು ಹಾಕಿ ಗೋಡೆಗೆ ಒರಗಲು ಎರಡೂವರೆ. ರೇಷ್ಮೆ ಮನೆಗಳಲ್ಲಿ ಎರಡೂವರೆಗಿಂತ ಕಡಿಮೆ ಮಾಡಲೇಬೇಡಿ, ಯಾಕೆಂದರೆ ಅಲ್ಲಿ ಮುಖ್ಯ ಬಾಡಿಗೆದಾರ ಚಂದ್ರಿಕೆ, ಅಂದರೆ ಹುಳಗಳನ್ನು ಗೂಡು ಕಟ್ಟಲು ಬಿಡುವ ತಟ್ಟೆ. 6 ಅಡಿ ಉದ್ದ, 4 ಅಡಿ ಅಗಲದ ಬಿದಿರಿನ ಚಂದ್ರಿಕೆಯಲ್ಲಿ ಸುಮಾರು ಸಾವಿರ ಹಣ್ಣಾದ ಹುಳ ಬಿಡಬಹುದು. 100 ಮೊಟ್ಟೆ, ಅಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆಯ ಗುಂಪು, ಮೇಯಿಸಿದರೆ ನಲವತ್ತು ಸಾವಿರ ಹುಳವಾದರೂ ಬರುತ್ತದೆ, ಅಂದರೆ ನಲವತ್ತು ಚಂದ್ರಿಕೆ. ಅವನ್ನು ಒಂದರ ಮುಂದೊಂದು ಗೇಣಷ್ಟು ಅಂತರ ಬಿಟ್ಟು ಒರಗಿಸಿದರೆ 12 ಅಡಿ ಜಗಲಿ ಹಿಡಿಯುವುದು ಆರೇಳನ್ನು. ಮಿಕ್ಕಿದ್ದು ಪಕ್ಕದ ಮನೆಗೆ, ಎದುರು ಮನೆಗೆ. ಗೂಡು ಬಿಡಿಸುವ ದಿನ ಅದೇ ಜಗಲಿಗಳ ಮೇಲೆ ಹತ್ತು ಜನ ಕೂರುತ್ತಾರೆ, ಮದುವೆಯ ಮಾತಿನಿಂದ ಹಿಡಿದು ಮಾರುಕಟ್ಟೆಯ ರೇಟಿನವರೆಗೆ ಅಲ್ಲೇ ಇತ್ಯರ್ಥ. ಬೀದಿಯಲ್ಲಿ ನಾಲ್ಕು ಜಗಲಿ ಕಿತ್ತು ಕಾರು ನಿಲ್ಲಿಸಲು ರ‍್ಯಾಂಪು ಹಾಕಿದರೆ, ಐದನೆಯವರು ಚಂದ್ರಿಕೆಗೆ ಶೆಡ್ಡು ಕಟ್ಟಿಸಬೇಕಾಗುತ್ತದೆ. ಸುತ್ತ ಕಬ್ಬಿಣದ ಗ್ರಿಲ್ಲು ಕೂರಿಸಿದರೂ ಅದೇ ಕಥೆ, 6 ಅಡಿಯ ಚಂದ್ರಿಕೆ ಎರಡೂವರೆ ಅಡಿಯ ಗ್ರಿಲ್ಲು ಬಾಗಿಲಲ್ಲಿ ತಿರುಗುವುದಿಲ್ಲ. ಕಳ್ಳರ ಭಯವಿದ್ದರೆ ಗ್ರಿಲ್ಲನ್ನು ಜಗಲಿಯ ಅಂಚಿಗಲ್ಲ, ಹಿಂದಿನ ಕಿಟಕಿ ಬಾಗಿಲಿಗೆ ಹಾಕಿಸಿ.

ದಿಕ್ಕಿನ ಲೆಕ್ಕವೂ ಇದೆ. ಹುಳ ಗೂಡು ಕಟ್ಟುವ ಎರಡು ಮೂರು ದಿನ ನೇರ ಬಿಸಿಲು ತಗುಲಬಾರದು, ಗಾಳಿ ಮಾತ್ರ ಆಡಬೇಕು. ಹುಳ ಬಿಡುವ ನೀರು ಆರದಿದ್ದರೆ ಗೂಡಿನ ನೂಲು ಸಲೀಸಾಗಿ ಬಿಚ್ಚುವುದಿಲ್ಲ. ಪಶ್ಚಿಮಕ್ಕೆ ಮುಖವಿರುವ ಜಗಲಿಗೆ ಬೆಳಿಗ್ಗೆ ನೆರಳು, ಪೂರ್ವಕ್ಕೆ ಮುಖವಿದ್ದರೆ ಮಧ್ಯಾಹ್ನದ ಮೇಲೆ. ಮುದುಕರು ಬೆಳಿಗ್ಗೆ ಒಂದು ಸಾಲಿನಲ್ಲೂ ಸಂಜೆ ಎದುರು ಸಾಲಿನಲ್ಲೂ ಕೂರುವುದು ಇದಕ್ಕೇ. ಉತ್ತರಮುಖಕ್ಕೆ ವರ್ಷದ ಬಹುಪಾಲು ನಡುಹಗಲಲ್ಲಿ ನೆರಳು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿಯುತ್ತಾನೆ, ಅದೂ ಹತ್ತು ಡಿಗ್ರಿಯಷ್ಟೇ. ಆಗಿನ ನಡುಹಗಲಿಗೆ 3 ಅಡಿ ಸೂರು ಸಾಕು. ಸೂರಿನ ತೊಲೆಗೆ ಅಡಿಗೊಂದು ಕೊಕ್ಕೆ ಹೊಡೆದಿಟ್ಟರೆ ನೈಲಾನ್ ಪರದೆ ಕಟ್ಟಲು ಆಗುತ್ತದೆ. 1980ರಲ್ಲಿ ರೇಷ್ಮೆ ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಪರದೆಯಿಲ್ಲದೆ ಚಂದ್ರಿಕೆಯನ್ನು ಬೀದಿಗಿಡುವುದು ನೊಣಕ್ಕೆ ಊಟ ಬಡಿಸಿದಂತೆ.

ಚರಂಡಿಯ ಮುಚ್ಚುಕಲ್ಲು ಎರಡೆರಡು ಅಡಿಯ ತುಂಡುಗಳಾಗಿರಲಿ, ತುದಿಯಲ್ಲಿ ಹಾರೆ ತೂರುವಷ್ಟು ತೂತಿರಲಿ. ಸಿಮೆಂಟು ಹಾಕಿ ಮುಚ್ಚಿಬಿಟ್ಟರೆ ಹೂಳು ತೆಗೆಯಲಾಗದೆ ನೀರು ಜಗಲಿಯ ಬುಡಕ್ಕೇ ವಾಪಸ್.

ಗೆದ್ದಲಿನ ಔಷಧಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಮೇಸ್ತ್ರಿಗಳು ಒಳ್ಳೆಯದಕ್ಕೇ ಅಂತ ತುಂಬಿಗೆ ಕೀಟನಾಶಕ ಸುರಿದುಬಿಡುತ್ತಾರೆ. ರೇಷ್ಮೆ ಹುಳಕ್ಕೆ ಅದರ ಸೋಂಕು ತಗುಲಿದರೂ ಸಾಕು, ತಲೆ ಎತ್ತಿ ಒದ್ದಾಡಿ ಹಸಿರು ನೀರು ಕಕ್ಕಿ ಸಾಯುತ್ತದೆ. ಔಷಧಿಯ ಬದಲು ತುಂಬಿಯ ಬುಡದಲ್ಲಿ ಎರಡು ಅಂಗುಲ ದಪ್ಪ ಒರಟು ಮರಳು, ಸಂದುಗೊಂದಿಗೆ ಸುಣ್ಣದ ಗಾರೆ, ಗೋಡೆಯ ಮೇಲೆ ಗೆದ್ದಲ ಮಣ್ಣಿನ ಗೆರೆ ಕಂಡ ದಿನವೇ ಕೆರೆದು ಹಾಕುವುದು. ಔಷಧಿ ಈಗಾಗಲೇ ಬಿದ್ದಿದ್ದರೆ ಆ ಮನೆಯವರು ಮುಂದಿನ ಬೆಳೆಯ ಚಂದ್ರಿಕೆಯನ್ನು ಎದುರು ಸಾಲಿನ ಜಗಲಿಗೆ ಸಾಗಿಸಲಿ.