ಕೂಪರ್ ಕಪ್‌ಗಾಗಿ ಕೊಟ್ಟ ಎರಡು ಪಿಕ್‌ಗಳು

ನಾನಿರುವುದು ಡಲ್ಲಾಸ್ ಹತ್ತಿರ. ಆಫೀಸಿನ ಹನ್ನೆರಡು ಜನ ಸೇರಿ ಎನ್‌ಎಫ್‌ಎಲ್ ಡೈನಸ್ಟಿ ಫ್ಯಾಂಟಸಿ ಲೀಗ್ ಆಡುತ್ತೇವೆ. ಅಸಲಿ ಆಟಗಾರರನ್ನು ನಮ್ಮ ತಂಡಕ್ಕೆ ಸೇರಿಸಿಕೊಳ್ಳುತ್ತೇವೆ, ಪಂದ್ಯದಲ್ಲಿ ಅವರು ಆಡಿದ್ದಕ್ಕೆ ನಮಗೆ ಅಂಕ. ಇದು ಅಮೆರಿಕನ್ ಫುಟ್ಬಾಲ್, ನಾವು ಊರಲ್ಲಿ ಆಡಿದ ಫುಟ್ಬಾಲ್ ಅಲ್ಲ. ಡೈನಸ್ಟಿ ಲೀಗಲ್ಲಿ ಆಟಗಾರರು ವರ್ಷ ಮುಗಿದರೂ ನಮ್ಮ ತಂಡದಲ್ಲೇ ಉಳಿಯುತ್ತಾರೆ. ಐಪಿಎಲ್ ಥರ ಹರಾಜಿಲ್ಲ. ಪ್ರತಿ ಮೇ ತಿಂಗಳಲ್ಲಿ ಕಾಲೇಜಿನಿಂದ ಬಂದ ಹೊಸಬರನ್ನು ಸರದಿಯಂತೆ ಮೂರು ಸುತ್ತು ಆರಿಸುತ್ತೇವೆ, ಇದೇ ಡ್ರಾಫ್ಟ್. ಹಿಂದಿನ ವರ್ಷ ಕೊನೆಗೆ ಬಂದವರಿಗೆ ಮೊದಲ ಸರದಿ. ಆ ಸರದಿಯೇ ಪಿಕ್. ಬೇಕಿದ್ದರೆ ಮುಂದಿನ ವರ್ಷಗಳ ಪಿಕ್ ಕೊಟ್ಟು ಈಗ ಆಡುತ್ತಿರುವವರನ್ನು ತರಬಹುದು.

2022ರ ಫೆಬ್ರವರಿಯಲ್ಲಿ ಲಾಸ್ ಏಂಜಲಿಸ್ ರ‍್ಯಾಮ್ಸ್ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು. ಚೆಂಡು ಎಸೆಯುವ ಆಟಗಾರ ಸ್ಟಾಫರ್ಡ್‌ಗಾಗಿ ಲಯನ್ಸ್ ತಂಡಕ್ಕೆ ಎರಡು ಮೊದಲ ಸುತ್ತಿನ ಪಿಕ್, ರಕ್ಷಣೆಯ ಆಟಗಾರ ಜೇಲನ್ ರ‍್ಯಾಮ್ಸಿಗಾಗಿ ಇನ್ನೆರಡು ಕೊಟ್ಟಿದ್ದ ತಂಡ ಅದು. ನನಗೂ ಹುಮ್ಮಸ್ಸು ಬಂತು. ಆಗಸ್ಟ್‌ನಲ್ಲಿ 2023 ಮತ್ತು 2024ರ ಮೊದಲ ಸುತ್ತಿನ ಪಿಕ್ ಎರಡನ್ನೂ ಕೊಟ್ಟು ಅದೇ ತಂಡದ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಕೂಪರ್ ಕಪ್‌ನನ್ನು ತಂದೆ. ಹಿಂದಿನ ಸೀಸನ್‌ನಲ್ಲಿ ಅವನದು 145 ಕ್ಯಾಚ್, 1,947 ಗಜ, 16 ಟಚ್‌ಡೌನ್. ಮೂರರಲ್ಲೂ ಅವನೇ ಮೊದಲು.

ಒಂದು ವಿಷಯ ನಾನು ನೋಡಲೇ ಇಲ್ಲ. ರಕ್ಷಣೆಯ ತಾರೆ ಆರನ್ ಡೊನಾಲ್ಡ್ ಮತ್ತು ಸ್ವತಃ ಕಪ್, ಇಬ್ಬರೂ ರ‍್ಯಾಮ್ಸ್ ಡ್ರಾಫ್ಟ್‌ನಲ್ಲೇ ಆರಿಸಿದ್ದವರು. ಕಪ್ ಸಿಕ್ಕಿದ್ದು 2017ರಲ್ಲಿ, ಮೂರನೇ ಸುತ್ತಿನಲ್ಲಿ. ಬುನಾದಿ ಗಟ್ಟಿಯಾದ ಮೇಲೆ ಅವರು ಹೊರಗಿನವರನ್ನು ತಂದಿದ್ದರು. ನನ್ನ ತಂಡದಲ್ಲಿ ಬುನಾದಿಯೇ ಇರಲಿಲ್ಲ. ರನ್ನಿಂಗ್ ಬ್ಯಾಕ್‌ಗಳು, ಅಂದರೆ ಚೆಂಡು ಹಿಡಿದು ಓಡುವವರು, ಎಲ್ಲ ವಯಸ್ಸಾದವರು.

ನವೆಂಬರ್‌ನಲ್ಲಿ ಕಪ್‌ನ ಕಣಕಾಲಿಗೆ ಪೆಟ್ಟಾಯಿತು. ಅವನ ಸೀಸನ್ ಅಲ್ಲಿಗೇ ಮುಗಿಯಿತು. ರ‍್ಯಾಮ್ಸ್ ಐದೇ ಪಂದ್ಯ ಗೆದ್ದಿತು. ನಾನು ಕೊನೆಯಿಂದ ಎರಡನೆಯವನಾದೆ. ನಾನು ಕೊಟ್ಟಿದ್ದ ಪಿಕ್ ಎರಡನೇ ಸರದಿಯಾಯಿತು, ಅದನ್ನು ಪಡೆದಿದ್ದ ಗೆಳೆಯ ಅದರಲ್ಲಿ ಹೊಸ ರನ್ನಿಂಗ್ ಬ್ಯಾಕ್ ಜಮೀರ್ ಗಿಬ್ಸ್‌ನನ್ನು ತಗೊಂಡ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಸಲಿ ಡ್ರಾಫ್ಟ್‌ನಲ್ಲೂ ಹಾಗೇ ಆಗಿತ್ತು. ರ‍್ಯಾಮ್ಸ್ ಕೊಟ್ಟಿದ್ದ 6ನೇ ಸರದಿಯನ್ನು ಲಯನ್ಸ್ ಅರಿಜೋನಾಗೆ ದಾಟಿಸಿ, 12ಕ್ಕೆ ಇಳಿದು, ಗಿಬ್ಸ್‌ನನ್ನೇ ಆರಿಸಿತ್ತು.

2023ರ ಸೀಸನ್ ಶುರುವಾಗುವಾಗ ಕಪ್‌ಗೆ ಮತ್ತೆ ಗಾಯ, ಈ ಸಲ ತೊಡೆಯ ಸ್ನಾಯು. ಅವನಿಗಾಗಿಯೇ ನಾನು ರ‍್ಯಾಮ್ಸ್ ಸುದ್ದಿ ದಿನಾ ಓದುತ್ತಿದ್ದೆ. ಅವನ ಜಾಗದಲ್ಲಿ ಜಾಸ್ತಿ ಚೆಂಡು ಯಾರಿಗೆ ಹೋಗುತ್ತದೆ ಅಂತ ಹುಡುಕುವಾಗ ಪೂಕಾ ನಕೂವಾ ಕಣ್ಣಿಗೆ ಬಿದ್ದ. ಐದನೇ ಸುತ್ತಿನ ಹುಡುಗ, 177ನೇ ಪಿಕ್. ನಮ್ಮ ಮೂರು ಸುತ್ತಿನಲ್ಲಿ ಅವನನ್ನು ಯಾರೂ ತಗೊಂಡಿರಲಿಲ್ಲ, ಹಾಗಾಗಿ ಫ್ರೀ ಏಜೆಂಟ್, ಅಂದರೆ ನಮ್ಮಲ್ಲಿ ಯಾರ ತಂಡದಲ್ಲೂ ಇಲ್ಲದವನು. ಮೊದಲ ಪಂದ್ಯದಲ್ಲೇ 10 ಕ್ಯಾಚ್, 119 ಗಜ. ನಮ್ಮ ಲೀಗಿನಲ್ಲಿ ಇಡೀ ಸೀಸನ್‌ಗೆ ಇಂಥವರಿಗೆ ಬಿಡ್ ಮಾಡಲು 100 ಪಾಯಿಂಟ್ ಇರುತ್ತದೆ. ಮಂಗಳವಾರ ರಾತ್ರಿ ಅದರಲ್ಲಿ 58 ಅವನ ಮೇಲೆ ಹಾಕಿದೆ. ಸಿಕ್ಕಿದ. ಆ ವರ್ಷ ಅವನು 105 ಕ್ಯಾಚ್, 1,486 ಗಜ ಮಾಡಿ ಹೊಸಬರ ಎರಡು ದಾಖಲೆ ಮುರಿದ.

ಈಗ ರಿಸೀವರ್‌ಗಳನ್ನು ಡ್ರಾಫ್ಟ್‌ನಲ್ಲೇ ಆರಿಸುತ್ತೇನೆ, ಅವರು ಹೆಚ್ಚು ವರ್ಷ ಬಾಳುತ್ತಾರೆ. ರನ್ನಿಂಗ್ ಬ್ಯಾಕ್‌ಗಳನ್ನು ಮಾತ್ರ ಟ್ರೇಡ್ ಮಾಡಿ ತರುತ್ತೇನೆ, ಅದೂ ಗೆಲ್ಲುವ ತಂಡ ಕೈಯಲ್ಲಿದ್ದಾಗ. 2024ರಲ್ಲಿ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ ಹಳೇ ತಂಡದ ಒಪ್ಪಂದ ಮುಗಿದು ಈಗಲ್ಸ್ ತಂಡ ಸೇರಿದ. 27 ವರ್ಷ ಆಯಿತು ಅಂತ ನಮ್ಮವರು ಹಿಂಜರಿದರು. ನಾನು ಎರಡನೇ ಸುತ್ತಿನ ಪಿಕ್ ಜೊತೆ ಒಬ್ಬ ರಿಸೀವರ್ ಕೊಟ್ಟು ತಗೊಂಡೆ. ಅವನು 2,005 ಗಜ ಓಡಿದ, ನಾನು ಫೈನಲ್ ತಲುಪಿದೆ.

ಗಿಬ್ಸ್ ಇನ್ನೂ ಆ ಗೆಳೆಯನ ಹತ್ತಿರವೇ ಇದ್ದಾನೆ. ನಕೂವಾನನ್ನು ಕೊಡ್ತೀಯಾ, ಎರಡು ಮೊದಲ ಸುತ್ತಿನ ಪಿಕ್ ಕೊಡ್ತೀನಿ ಅಂತ ಅವನು ಕೇಳುತ್ತಲೇ ಇರುತ್ತಾನೆ. ಇಲ್ಲ ಅಂದಿದ್ದೇನೆ.